ನೆರೆದೇಶದವರಿಗೆ ಎಣ್ಣೆ ಕಲಿಸಿದ ದಿನಗಳು

ನಗು ಬರುವ ಪ್ರಸಂಗಗಳು ಕೆಲವರನ್ನು ಹುಡುಕಿಕೊಂಡು ಬರುತ್ತವೆ. ನನ್ನ ಪಾಲಿನವಂತೂ ನನಗಿಂತ ಮೊದಲೇ ಆಫೀಸಿಗೆ ಬಂದು, ಟೈಪ್‌ರೈಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ನನಗಾಗಿ ಕಾಯುತ್ತಿದ್ದವು.

ಗದಗಿನಿಂದ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಮನೆ ಸಯನ್‌ನಲ್ಲಿ. ಯಜಮಾನರಿಗೆ ಮಾಟುಂಗದ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ನನಗೆ ಚೆಂಬೂರು ದಾಟಿ ಸಮುದ್ರದ ಕಡೆಗಿದ್ದ ಒಂದು ಎಣ್ಣೆ ಶುದ್ಧೀಕರಣದ ಕಂಪನಿಯಲ್ಲಿ ಟೈಪಿಸ್ಟ್ ನೌಕರಿ. ಅಲ್ಲಿಗೆ ಹಡಗಿನಲ್ಲಿ ಕಚ್ಚಾ ಎಣ್ಣೆ ಬಂದು ಪೆಟ್ರೋಲು, ಡೀಸೆಲು, ಸೀಮೆಎಣ್ಣೆಯಾಗಿ ಹೊರಗೆ ಹೋಗುತ್ತಿತ್ತು. ಹಾಗೆಯೇ ನೆರೆದೇಶಗಳಿಂದ ಎಂಜಿನಿಯರುಗಳು ಕಚ್ಚಾ ಆಗಿ ಬಂದು, ಆರು ತಿಂಗಳು ತರಬೇತಿ ಪಡೆದು, ಪಕ್ಕಾ ಆಗಿ ಹೋಗುತ್ತಿದ್ದರು. ನಾನಿದ್ದದ್ದು ಆ ತರಬೇತಿ ವಿಭಾಗದಲ್ಲಿ. ಅದರ ಮುಖ್ಯಸ್ಥರು ಪಾರ್ಸಿ ಹಿರಿಯರು. ನನ್ನನ್ನು ‘ಡಿಕ್ರಿ’, ಅಂದರೆ ಮಗಳೇ ಅನ್ನುತ್ತಿದ್ದರು. “ಡಿಕ್ರಿ, ನೆರೆಮನೆಯವರ ಜೊತೆ ಚೆನ್ನಾಗಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ” ಅನ್ನುವುದು ಅವರ ದಿನದ ಮಾತು. ಆಗ ಅದು ಮುದುಕರ ಉಪದೇಶ ಅನ್ನಿಸುತ್ತಿತ್ತು. ಆಮೇಲೆ ನಮ್ಮ ಮನೆಯ ಒಲೆಯೇ ಆರಿದಾಗ ಅದರ ಅರ್ಥ ತಿಳಿಯಿತು.

೧. ಜಿಲೇಬಿ ಅಕ್ಷರ

ಒಂದು ದಿನ ಸಾಹೇಬರು ನನ್ನ ಮುಂದೆ ಒಂದು ಕಾಗದ ಇಟ್ಟರು. ಲಕೋಟೆ ಟಪಾಲಿನಲ್ಲಿ ಹರಿದುಹೋಗಿ, ಒಳಗಿನ ಹಾಳೆ ಮಾತ್ರ ಹೇಗೋ ನಮ್ಮ ವಿಭಾಗಕ್ಕೆ ಬಂದಿತ್ತು.

“ನಿನ್ನದೇ. ಕನ್ನಡ. ತಗೋ.”

ನೋಡಿದೆ. ಗುಂಡಗೆ, ದುಂಡಗೆ, ಬಾಲ ಬಾಗಿಸಿಕೊಂಡು ಕೂತ ಅಕ್ಷರಗಳು. ಎಲ್ಲೋ ನೋಡಿದ ಮುಖಗಳೇ, ಆದರೆ ಒಂದರ ಹೆಸರೂ ನೆನಪಾಗಲೊಲ್ಲದು. ಒಂದು ಗಳಿಗೆ ನನಗೇ ಹೆದರಿಕೆಯಾಯಿತು, ಮುಂಬಯಿಗೆ ಬಂದು ಮೂರು ವರ್ಷಕ್ಕೇ ಕನ್ನಡ ಮರೆತೆನೇ ಅಂತ.

“ಸರ್, ನನಗೆ ಇದು ಓದಲು ಬರುವುದಿಲ್ಲ.”

“ಅರ್ಜಿಯಲ್ಲಿ ಕನ್ನಡ ಓದಲು ಬರೆಯಲು ಬರುತ್ತದೆ ಅಂತ ಬರೆದಿದ್ದೀಯಲ್ಲ?” ಸಾಹೇಬರ ಹುಬ್ಬು ಮೇಲೇರಿತು.

ನೌಕರಿಯ ಪ್ರಶ್ನೆ. ತಕ್ಷಣ ಪರ್ಸಿನಿಂದ ನನ್ನ ಅವ್ವನ ಪತ್ರ ತೆಗೆದು, “ಕನ್ನಡ ಹೀಗಿರುತ್ತದೆ ಸರ್” ಅಂತ ಪಕ್ಕದಲ್ಲಿಟ್ಟೆ. ಸಾಹೇಬರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. “ಎರಡೂ ಜಿಲೇಬಿ. ಒಂದೇ ಅಂಗಡಿಯದು” ಅಂದರು.

ಅಷ್ಟರಲ್ಲಿ ಏನೋ ಸಹಿಗಾಗಿ ಒಳಗೆ ಬಂದವರು ಸಿಲೋನಿನಿಂದ ಆ ತಿಂಗಳಷ್ಟೇ ಬಂದಿದ್ದ ಎಂಜಿನಿಯರ್. ಕಪ್ಪಗೆ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಸಾಹೇಬರು ಕೈಗೆ ಸಿಕ್ಕ ಕಾಗದವನ್ನು ಅವರಿಗೆ ಕೊಟ್ಟರು. ಸಿಕ್ಕಿದ್ದು ನನ್ನ ಅವ್ವನ ಪತ್ರ. ಆತ ಅದನ್ನು ಬೆಳಕಿಗೆ ಹಿಡಿದರು, ದೂರ ಹಿಡಿದರು.

“ಸರ್, ನಮ್ಮದರಂತೆಯೇ ಇದೆ. ಆದರೆ ನನಗೆ ಓದಲು ಬರುತ್ತಿಲ್ಲ.”

ಸಾಹೇಬರು ಕುರ್ಚಿಗೆ ಒರಗಿದರು. “ಇಬ್ಬರೂ ಡಿಗ್ರಿ ಆದವರು. ಇಬ್ಬರಿಗೂ ಸ್ವಂತ ಭಾಷೆ ಬರುವುದಿಲ್ಲ!”

ನಾನು ಮೆಲ್ಲಗೆ ಕಾಗದಗಳನ್ನು ಅದಲು ಬದಲು ಮಾಡಿದೆ. ಆತ ತಮ್ಮ ಕಾಗದ ನೋಡಿದವರೇ ಅಲ್ಲೇ ನಿಂತು ಓದಲು ಶುರು ಮಾಡಿದರು. ಸಿಂಹಳ ಭಾಷೆಯಲ್ಲಿ ಅವರ ತಾಯಿ ಬರೆದ ಪತ್ರ, ಊರು ಬಿಟ್ಟ ಮೇಲಿನ ಮೊದಲನೆಯದು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ತುಂಬಿತು. ಅವರನ್ನು ನೋಡಿ, ನಾಲ್ಕು ಸಲ ಓದಿ ಮುಗಿಸಿದ್ದ ಅವ್ವನ ಪತ್ರ ಹಿಡಿದು ನಾನೂ ಮೂಗು ಸೇದಿದೆ.

ಸಾಹೇಬರು ಎದ್ದು ಬಂದು ಇಬ್ಬರ ಬೆನ್ನೂ ತಟ್ಟಿದರು. “ನೋಡಿದಿರಾ? ಬದಲಾಯಿಸಿಕೊಂಡ ಕೂಡಲೇ ಇಬ್ಬರಿಗೂ ಓದಲು ಬಂತು. ನೆರೆದೇಶಗಳ ನಡುವೆ ವಿನಿಮಯ ಬೇಕು ಅಂತ ನಾನು ಹೇಳುವುದು ಇದಕ್ಕೇ!”

೨. ಲಂಕೆಗೆ ಬೆಂಕಿ ಪಾಠ

ತಾಯಿಯ ಪತ್ರ ನೋಡಿ ಅತ್ತವರನ್ನು ಭಾನುವಾರ ಹಾಸ್ಟೆಲಿನಲ್ಲಿ ಒಬ್ಬರೇ ಬಿಡುವುದು ಹೇಗೆ? ಊಟಕ್ಕೆ ಕರೆದೆ. ನಮ್ಮ ಅತ್ತೆಗೆ ಮೊದಲೇ ಹೇಳಿಟ್ಟಿದ್ದೆ, ಸಿಲೋನಿನವರು ಬರುತ್ತಾರೆ ಅಂತ.

“ಸಿಲೋನಂದ್ರ?”

“ಲಂಕಾ, ಅತ್ತಿ.”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಊಟಾ ಎಷ್ಟ ಮಾಡ್ತಾನೋ ಏನೋ. ಇನ್ನೊಂದ ಸೇರ ಹಿಟ್ಟ ತಗೀ.”

ಬಂದವರು ಎರಡು ರೊಟ್ಟಿಗೇ ಕೈ ತೊಳೆಯಲು ಎದ್ದಾಗ ಅತ್ತೆಗೆ ನಿರಾಸೆಯೂ ಆಯಿತು, ಪ್ರೀತಿಯೂ ಬಂತು. ಹಿಡಿದು ಕೂರಿಸಿ ಮೂರನೆಯದು ಬಡಿಸಿದರು. ಆಮೇಲೆ ಕಂಪನಿಯಲ್ಲಿ ಏನು ಕಲಿಯುತ್ತೀಯಪ್ಪಾ ಅಂತ ಕೇಳಿದರು. ನಾನು ನಡುವೆ ಕೂತು ಅದನ್ನು ಇಂಗ್ಲಿಷಿಗೆ, ಉತ್ತರವನ್ನು ಕನ್ನಡಕ್ಕೆ ಮಾಡುತ್ತಿದ್ದೆ.

“ಈ ತಿಂಗಳು ಬೆಂಕಿ ಆರಿಸುವುದು ಕಲಿಸುತ್ತಿದ್ದಾರಂತೆ, ಅತ್ತಿ. ಇಡೀ ಬ್ಯಾಚಿಗೆ ಇವರೇ ಫಸ್ಟ್.”

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. “ಲಂಕಾದಾಂವಗ ಬೆಂಕಿ ಆರಸೂದು ಈಗ ಕಲಸಾಕತ್ತೀರಿ? ಭಾಳ ತಡಾ ಆತಲ್ಲ ಯವ್ವಾ!”

ಇದನ್ನು ಹೇಗೆ ಅನುವಾದಿಸುವುದು? ನಾನು ನೀರು ಕುಡಿದೆ, ಕೆಮ್ಮಿದೆ. ಆತ ಬಿಡಲಿಲ್ಲ, “ಅಮ್ಮ ಏನಂದರು?” ಅಂತ ಮತ್ತೆ ಮತ್ತೆ ಕೇಳಿದರು. ತಪ್ಪು ತಿಳಿಯಬೇಡಿ ಅಂತ ಮೂರು ಸಲ ಹೇಳಿ, ಕೊನೆಗೆ ಹೇಳಿಬಿಟ್ಟೆ.

ಮಾತು ಕಡಿಮೆಯ ಮನುಷ್ಯ ತಲೆ ಎತ್ತಿ ನಕ್ಕರು ನೋಡಿ, ಬಾಜೂ ಮನೆಯವರು ಬಾಗಿಲು ತೆಗೆದರು. ಮತ್ತೆ ಗಂಭೀರವಾಗಿ ಅತ್ತೆಗೆ ಕೈ ಮುಗಿದು ಅಂದರು: “ಅಮ್ಮಾ, ಪಾಠ ಮೊದಲೇ ಇದ್ದಿದ್ದರೆ ಒಳ್ಳೆಯದಿತ್ತು. ನಿಮ್ಮ ಕಡೆಯವರೊಬ್ಬರು ಪ್ರಾಕ್ಟಿಕಲ್ ಮಾತ್ರ ಮಾಡಿ ಹೋಗಿಬಿಟ್ಟರು.”

ಅನುವಾದ ಕೇಳಿ ಅತ್ತೆಯ ಮುಖ ಅರಳಿತು. “ಖರೇ ಐತಿ. ಹಂಪಿ ಹಂತ್ಯಾಕಿನಾಂವ ಅಂವ. ನಮ್ಮ ಗದಗಿಂದ ಭಾಳ ದೂರಿಲ್ಲ” ಅಂತ ಆ ಪ್ರಾಕ್ಟಿಕಲ್ಲಿನ ಹೊಣೆಯನ್ನೆಲ್ಲ ಊರಿನವರ ಪರವಾಗಿ ತಾವೇ ಹೊತ್ತುಕೊಂಡರು. ಅದರ ಪ್ರಾಯಶ್ಚಿತ್ತವೆಂದು ನಾಲ್ಕನೆಯ ರೊಟ್ಟಿ ಹಾಕಿದರು.

೩. ಹೆಸರು ಬದಲಾವಣೆ

ಅವರ ತರಬೇತಿ ಅರ್ಧವಾಗಿದ್ದಾಗ ಅವರ ದೇಶ ಗಣರಾಜ್ಯವಾಗಿ, ಸಿಲೋನ್ ಹೋಗಿ ಶ್ರೀಲಂಕಾ ಆಯಿತು. ನಾವು ಪೇಢೆ ಹಂಚಿದೆವು. ಮರುದಿನ ಆಡಳಿತ ವಿಭಾಗದ ಗುಮಾಸ್ತರು ಬಂದರು. ನಿಯಮವೆಂದರೆ ನಿಯಮ ಅನ್ನುವವರು.

“ಸಿಲೋನಿನ ಒಬ್ಬರಿಗೆ ಹಾಸ್ಟೆಲ್ ಕೊಟ್ಟಿದ್ದೇವೆ. ಶ್ರೀಲಂಕಾದ ಒಬ್ಬರು ಅದರಲ್ಲಿ ಇದ್ದಾರೆ. ಇದು ಹೇಗೆ ಸಾಧ್ಯ?”

“ಮನುಷ್ಯ ಅವರೇ ಅಲ್ಲವೇ?” ಅಂದೆ.

“ಫೈಲಿಗೆ ಮನುಷ್ಯ ಕಾಣುವುದಿಲ್ಲ ತಾಯಿ, ಹೆಸರು ಕಾಣುತ್ತದೆ” ಅಂತ ಹೇಳಿ, ‘ಹೆಸರು ಬದಲಾವಣೆ’ ಫಾರ್ಮನ್ನು ಮೂರು ಪ್ರತಿ ಮಾಡಿ ತುಂಬಿಸಿ ಅಂತ ಕೊಟ್ಟು ಹೋದರು. ಸರ್ಟಿಫಿಕೇಟಿನಲ್ಲಿ ಮದುವೆಗೆ ಮೊದಲಿನ ಹೆಸರಿತ್ತೆಂದು ನಾನು ಕೆಲಸಕ್ಕೆ ಸೇರುವಾಗ ತುಂಬಿದ ಫಾರ್ಮೇ ಅದು. ಹಳೆಯ ಹೆಸರು, ಹೊಸ ಹೆಸರು, ಕಾರಣ.

ಹಳೆಯ ಹೆಸರು ಟೈಪ್ ಮಾಡಿದೆ. ಹೊಸ ಹೆಸರು ಟೈಪ್ ಮಾಡಿದೆ. ಕಾರಣಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಅಚ್ಚಾಗಿದ್ದದ್ದು ಎರಡೇ: ‘ಮದುವೆ’ ಮತ್ತು ‘ದತ್ತಕ’. ಯಾವುದಕ್ಕೆ ಗುರುತು ಹಾಕಲಿ ಅಂತ ಎಂಜಿನಿಯರರನ್ನೇ ಕೇಳಿದೆ.

ಆತ ಪೆನ್ನು ತೆಗೆದುಕೊಂಡು ಎರಡನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ನೀಟಾಗಿ ಬರೆದರು: ‘ವಯಸ್ಸಿಗೆ ಬಂದದ್ದು.’

ಗುಮಾಸ್ತರು ಅದನ್ನು ಒಪ್ಪಿಕೊಂಡರು. ವಯಸ್ಸಿನ ದಾಖಲೆ ಲಗತ್ತಿಸಿ ಅಂತ ಮಾತ್ರ ಬರೆದು ಕಳಿಸಿದರು.

೪. ಬೆಚ್ಚನೆಯ ಮಾತುಕತೆ

ಅದಾಗಿ ಒಂದೂವರೆ ವರ್ಷಕ್ಕೆ ಎಣ್ಣೆಯ ಬರ ಬಂತು. ಅರಬ್ಬರ ದೇಶಗಳಲ್ಲಿ ಬೆಲೆ ಏರಿ, ಇಲ್ಲಿ ಪೆಟ್ರೋಲ್ ಪಂಪಿನ ಮುಂದೆ ಟ್ಯಾಕ್ಸಿಗಳ ಸಾಲು, ಸೀಮೆಎಣ್ಣೆ ಅಂಗಡಿಯ ಮುಂದೆ ಡಬ್ಬಿಗಳ ಸಾಲು. ನಮ್ಮ ಸಾಹೇಬರು ಮನೆಯ ಕಾರು ಮುಚ್ಚಿಟ್ಟು ಬಸ್ಸಿನಲ್ಲಿ ಬರತೊಡಗಿದರು. ಆಫೀಸಿನಲ್ಲಿ ಏರ್‌ಕಂಡೀಷನರ್ ಬಂದ್, ಒಂದು ಕೋಣೆಗೆ ಒಂದೇ ಫ್ಯಾನು. “ನಾವೇ ಉಳಿಸದಿದ್ದರೆ ಇನ್ನೊಬ್ಬರಿಗೆ ಏನು ಕಲಿಸುವುದು ಡಿಕ್ರಿ?”

ಇಂಥ ಬರದ ನಡುವೆ, ಮೇ ತಿಂಗಳಲ್ಲಿ ನೇಪಾಳದಿಂದ ನಾಲ್ವರು ಅಧಿಕಾರಿಗಳು ಮಾತುಕತೆಗೆ ಬಂದರು. ಅವರ ದೇಶಕ್ಕೆ ಸಮುದ್ರವಿಲ್ಲ. ಎಣ್ಣೆ ನಮ್ಮ ನೆಲ ದಾಟಿಯೇ ಹೋಗಬೇಕು. ಅದನ್ನು ತುಂಬುವುದು, ಸಾಗಿಸುವುದು, ಅದಕ್ಕೆ ಎಷ್ಟು ಜನರಿಗೆ ತರಬೇತಿ, ಹೀಗೆ ಇಪ್ಪತ್ತಮೂರು ವಿಷಯಗಳು. ಮೂರು ದಿನ ಇಟ್ಟಿದ್ದರು. ಬಂದವರು ತಮ್ಮ ಊರಿನ ಹವೆಗೆ ತಕ್ಕಂತೆ ಉಣ್ಣೆಯ ಕೋಟು, ಟೊಪ್ಪಿಗೆ ಧರಿಸಿದ್ದರು. ಮರ್ಯಾದೆಯ ಜನ. ಸಾಹೇಬರು ಕೋಟು ತೆಗೆಯುವವರೆಗೂ ತಾವು ತೆಗೆಯುವುದಿಲ್ಲ ಅಂತ ಕೂತರು. ಸಾಹೇಬರೋ, ಅತಿಥಿಗಳು ತೆಗೆಯದೆ ತಾವು ತೆಗೆಯುವುದು ಹೇಗೆ ಅಂತ ಕೂತರು.

ಮೊದಲ ವಿಷಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯದಕ್ಕೆ ಹತ್ತು ನಿಮಿಷ. ಐದನೆಯದು ಬರುವಷ್ಟರಲ್ಲಿ ನೇಪಾಳದ ಹಿರಿಯ ಅಧಿಕಾರಿಯ ಮುಖ ಟೊಮೆಟೊ ಆಗಿತ್ತು. ಸಾಹೇಬರು, “ಆರನೆಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ?” ಅಂದರೆ, “ಒಪ್ಪಿಗೆ” ಅಂದರು. “ನಾನಿನ್ನೂ ವಿಷಯ ಓದಿಲ್ಲ” ಅಂದರೆ, “ನಿಮ್ಮ ಮೇಲೆ ನಂಬಿಕೆ ಇದೆ” ಅಂದರು. ಏಳರಲ್ಲಿ ಅವರು ಕೇಳಿದ್ದನ್ನೆಲ್ಲ ಸಾಹೇಬರು ಒಪ್ಪಿದರು. ಎಂಟರಲ್ಲಿ ಸಾಹೇಬರು ಕೇಳಿದ್ದನ್ನೆಲ್ಲ ಅವರು ಒಪ್ಪಿದರು. ಮೂರು ದಿನದ ಮಾತುಕತೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದು, ಎಲ್ಲರೂ ಸಮುದ್ರದ ಗಾಳಿಗೆ ಓಡಿದರು.

ಆಮೇಲೆ ವಿಚಾರಿಸಿದರೆ, ಎರಡೂ ಕಡೆಯವರಿಗೆ ಲಾಭವಾದ ಒಪ್ಪಂದ ಅದು. ಜಗಳವಾಡಲು ಯಾರಿಗೂ ತ್ರಾಣವಿಲ್ಲದಿದ್ದರೆ ಎಷ್ಟು ಒಳ್ಳೆಯದಾಗುತ್ತದೆ ಅಂತ ಆ ದಿನ ಕಲಿತೆ. ಸಂಜೆ ವರದಿ ಟೈಪ್ ಮಾಡುವಾಗ ಹೇಳಿದೆ, “ಸರ್, ‘ಮಾತುಕತೆ ಯಾವ ವಾತಾವರಣದಲ್ಲಿ ನಡೆಯಿತು’ ಅಂತ ಒಂದು ಸಾಲು ಬೇಕು.”

ಸಾಹೇಬರು ಕರ್ಚೀಫು ಹಿಂಡುತ್ತ ಹೇಳಿದರು, “ಸತ್ಯವನ್ನೇ ಬರಿ ಡಿಕ್ರಿ. ‘ಅತ್ಯಂತ ಬೆಚ್ಚನೆಯ ವಾತಾವರಣದಲ್ಲಿ.’”

೫. ಹೆಣ್ಣು ನೋಡಲು ಬಂದ ದಿನ

ಆ ಒಪ್ಪಂದದಿಂದ ನೇಪಾಳದ ಒಬ್ಬ ಅಧಿಕಾರಿ ತರಬೇತಿಗೆ ಬಂದರು. ಗಿಡ್ಡ, ಗಟ್ಟಿ ಆಳು. ಬಾಂಗ್ಲಾದೇಶದಿಂದ ಒಬ್ಬ ಎಂಜಿನಿಯರ್ ಬಂದರು. ಮೃದು ಮಾತಿನವರು, ಚಹಾ ಕೊಟ್ಟರೂ ಎದ್ದು ನಿಂತು ಧನ್ಯವಾದ ಹೇಳುವವರು. ನಮ್ಮ ಶ್ರೀಲಂಕಾದವರೂ ಮೇಲಿನ ತರಬೇತಿಗೆ ಎರಡನೆಯ ಸಲ ಬಂದಿದ್ದರು. ಭಾನುವಾರ ಮೂವರೂ ನಮ್ಮ ಮನೆಯಲ್ಲೇ ಊಟ. ಅತ್ತೆಯ ಗದಗಿನ ಕನ್ನಡ, ಅವರ ಮೂರು ಬಗೆಯ ಹಿಂದಿ. ಹೇಗೋ ಎಲ್ಲರಿಗೂ ಎಲ್ಲ ತಿಳಿಯುತ್ತಿತ್ತು.

ಆಗಲೇ ನನ್ನ ನಾದಿನಿಯನ್ನು ನೋಡಲು ಡೊಂಬಿವಿಲಿಯಿಂದ ಗಂಡಿನವರು ಬರುವುದು ಗೊತ್ತಾಯಿತು. ಭಾನುವಾರ ಸಂಜೆ ನಾಲ್ಕಕ್ಕೆ. ಹಿಂದೆ ಎರಡು ಸಂಬಂಧ ಕೈ ತಪ್ಪಿದ್ದವು. ನಾದಿನಿ ಬಾಯಿಬಿಟ್ಟು ಏನೂ ಹೇಳದಿದ್ದರೂ ಊಟ ಬಿಡುತ್ತಿದ್ದಳು. ಮನೆಯಲ್ಲೋ ಗ್ಯಾಸ್ ಸಿಲಿಂಡರ್ ಮುಗಿದು ತಿಂಗಳಾಗಿತ್ತು, ಸೀಮೆಎಣ್ಣೆ ಅಂಗಡಿಯ ಶಟರ್ ವಾರದಿಂದ ಮೇಲೆದ್ದಿರಲಿಲ್ಲ. ಇದ್ದ ಕೊನೆಯ ಎಣ್ಣೆ ಶನಿವಾರ ಬೆಳಿಗ್ಗೆಯ ಅನ್ನಕ್ಕೇ ಮುಗಿಯಿತು.

“ಮಾಟುಂಗದ ಹೋಟೆಲಿನಿಂದ ತಿಂಡಿ ತರಿಸೋಣ” ಅಂದರು ಯಜಮಾನರು.

“ಹೋಟೆಲ್ ತಿಂಡಿ ಇಟ್ರ ಹುಡಿಗ್ಗಿ ಅಡಗಿ ಬರೂದಿಲ್ಲಂತಾರ” ಅಂದರು ಅತ್ತೆ. ನಾದಿನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಣ್ಣೆ ಕಂಪನಿಯಲ್ಲಿ ಕೆಲಸ, ಮನೆಯಲ್ಲಿ ಹನಿ ಎಣ್ಣೆ ಇಲ್ಲ. ಶನಿವಾರ ಆಫೀಸಿನಲ್ಲಿ ನನ್ನ ಮುಖ ನೋಡಿ ಮೂವರೂ ವಿಷಯ ತಿಳಿದುಕೊಂಡರು. ಕಂಪನಿಯ ಎಣ್ಣೆಯಂತೂ ಮುಟ್ಟುವ ಹಾಗಿಲ್ಲ, ಅದು ಊರಿನವರದು. ಬಾಂಗ್ಲಾದವರು ಸ್ವಲ್ಪ ಯೋಚಿಸಿ, “ದೀದಿ, ಮರದ ಹೊಟ್ಟು ಸಿಗುತ್ತದೆಯೇ?” ಅಂದರು.

ಭಾನುವಾರ ಮಧ್ಯಾಹ್ನ ನೇಪಾಳದವರು ಧಾರಾವಿಯ ಬಡಗಿಯೊಬ್ಬರ ಕಾರ್ಖಾನೆಯಿಂದ ಒಂದು ಚೀಲ ಹೊಟ್ಟನ್ನು ಹೊತ್ತು ಮೂರು ಮಹಡಿ ಹತ್ತಿ ಬಂದರು. ಬೆವರೇ ಇಲ್ಲ. “ಇದು ಬೆಟ್ಟವೇ ಅಲ್ಲ” ಅಂದರು. ಬಾಂಗ್ಲಾದವರು ಒಂದು ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ, ಗಟ್ಟಿಯಾಗಿ ಅದುಮಿ, ಬಾಟಲಿ ಮೆಲ್ಲಗೆ ಎಳೆದರು. ನಡುವೆ ಚಂದದ ಕೊಳವೆಯಾಯಿತು. ಅದೇ ಒಲೆ.

“ಎಲ್ಲಿ ಕಲ್ತ್ಯೋ ತಮ್ಮಾ?” ಅಂದರು ಅತ್ತೆ.

“ಯುದ್ಧದ ವರ್ಷ ಗಡಿ ದಾಟಿ ಬಂದಾಗ, ಅಮ್ಮಾ. ಯಾರೋ ಒಬ್ಬ ಹೆಂಗಸು ಇಂಥ ಒಲೆಯ ಮೇಲೆ ತಿಂಗಳುಗಟ್ಟಲೆ ನನ್ನ ತಾಯಿಗೆ ಗಂಜಿ ಮಾಡಿಕೊಟ್ಟಳು. ಅವಳ ಹೆಸರು ಕೇಳುವುದೂ ಉಳಿದುಹೋಯಿತು.” ಆತ ತಲೆ ಎತ್ತಲಿಲ್ಲ, ಹೊಟ್ಟಿನ ಅಂಚು ಸರಿಮಾಡುತ್ತಲೇ ಇದ್ದರು. ಅತ್ತೆ ಅವರ ತಲೆ ಮೇಲೆ ಕೈ ಇಟ್ಟರು.

ಶ್ರೀಲಂಕಾದವರದು ಸುರಕ್ಷತಾ ವಿಭಾಗ. ಮರಳಿನ ಬಕೆಟ್ಟು, ಒದ್ದೆ ಗೋಣಿ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತರು.

ಯಜಮಾನರು ಅತಿಥಿಗಳನ್ನು ಎದುರುಗೊಳ್ಳಲು ಸಯನ್ ಸ್ಟೇಷನ್ನಿಗೆ ಹೋದರು. ಅತಿಥಿಗಳೋ, ಲೋಕಲ್ ರೈಲು ತಪ್ಪೀತೆಂದು ಬೇಗ ಹೊರಟು, ಒಂದು ಗಂಟೆ ಮೊದಲೇ ಸ್ಟೇಷನ್ನಿನ ಇನ್ನೊಂದು ಬಾಗಿಲಿನಿಂದ ಹೊರಬಿದ್ದು ನಮ್ಮ ಮನೆಗೇ ಬಂದುಬಿಟ್ಟರು. ಹುಡುಗ, ಅವನ ತಂದೆ, ತಾಯಿ, ಸೋದರತ್ತೆ. ಸರಿಯಾಗಿ ಅದೇ ಗಳಿಗೆಗೆ, ಹೊಟ್ಟಿನಲ್ಲಿ ಎಲ್ಲೋ ಹಸಿ ಉಳಿದಿತ್ತೇನೋ, ಒಲೆ ಭುಸ್ ಎಂದು ಹೊಗೆ ಉಗುಳಿತು. ಅಡುಗೆಮನೆ ಕಾಣದಾಯಿತು. ಹಾಲ್ ಕಾಣದಾಯಿತು. ಬಂದ ಬೀಗರು ಕಾಣದಾದರು.

ಶ್ರೀಲಂಕಾದವರ ತರಬೇತಿ ಎದ್ದು ನಿಂತಿತು. “ಎಲ್ಲರೂ ಕೆಳಗೆ! ಓಡಬಾರದು! ಒಬ್ಬರ ಹಿಂದೆ ಒಬ್ಬರು!” ಅಂತ ಗುಡುಗಿದರು. ಹುಡುಗನ ತಂದೆ “ನಾವು ಹೆಣ್ಣು ನೋಡಾಕ…” ಅನ್ನುವಷ್ಟರಲ್ಲಿ ಅವರ ಕೈಯನ್ನು ಹೆಂಡತಿಯ ಹೆಗಲ ಮೇಲಿಟ್ಟು ಮೆಟ್ಟಿಲಿಗೆ ಇಳಿಸಿಯಾಗಿತ್ತು. ಸೋದರತ್ತೆಯನ್ನು ನೇಪಾಳದವರು ಮಗುವಿನಂತೆ ಎತ್ತಿಕೊಂಡರು. ಎರಡು ನಿಮಿಷದಲ್ಲಿ ನಾವೆಲ್ಲ ಕೆಳಗಿನ ಕಂಪೌಂಡಿನಲ್ಲಿ ಸಾಲಾಗಿ ನಿಂತಿದ್ದೆವು. ಶ್ರೀಲಂಕಾದವರು ತಲೆ ಎಣಿಸಿದರು.

“ಒಂಬತ್ತು. ಒಬ್ಬರು ಕಡಿಮೆ!”

ಅತ್ತೆ! ಮೇಲೆ ನೋಡಿದರೆ ಮೂರನೆಯ ಮಹಡಿಯ ಕಿಟಕಿಯಿಂದ ಹೊಗೆಯ ಜೊತೆ ಅತ್ತೆಯ ಮುಖವೂ ಹೊರಗೆ ಬಂತು. ಕೈಯಲ್ಲಿ ಸೌಟು.

“ಒಲಿ ಈಗ ಚಂದ ಹತ್ತೇತಿ! ಉಪ್ಪಿಟ್ಟ ಬಿಟ್ಟ ನಾ ಎಲ್ಲಿಗೂ ಬರಾಂಗಿಲ್ಲ! ತಿರುಗಿ ಮ್ಯಾಲ ಬರ್ರಿ!”

ನಾಚಿಕೆಯಿಂದ ಕುಗ್ಗಿ ನಾನು ಸಾಲಿನ ಕಡೆ ತಿರುಗಿದೆ. ಸಾಲಿನಲ್ಲಿ ಹುಡುಗನ ಹಿಂದೆಯೇ ನನ್ನ ನಾದಿನಿ ನಿಂತಿದ್ದಳು. ಮುಖಕ್ಕೆಲ್ಲ ಮಸಿ. ಹುಡುಗ ಕರ್ಚೀಫು ಕೊಟ್ಟಿದ್ದ. ಅವಳು ಅದರಿಂದಲೇ ಅವನ ಮೂಗಿನ ಮೇಲಿನ ಮಸಿ ತೋರಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಮೇಲೆ ಬರುವಷ್ಟರಲ್ಲಿ ಹುಡುಗ ತಾಯಿಯ ಕಿವಿಯಲ್ಲಿ ಏನೋ ಹೇಳಿದ್ದ. ತಾಯಿ ತಲೆಯಾಡಿಸಿದ್ದರು.

ಉಪ್ಪಿಟ್ಟು, ಶಿರಾ ಬಡಿಸಿದೆವು. ಹುಡುಗನ ತಂದೆ ಮಾತ್ರ ಮೂವರನ್ನೂ ದಿಟ್ಟಿಸುತ್ತಲೇ ಇದ್ದರು. “ಇವರು ಯಾರ್ರೀ?”

“ನಮ್ಮ ನೆರೀಯವರು” ಅಂದರು ಅತ್ತೆ. “ಈ ಗಟ್ಟಿ ಆಳು ಮ್ಯಾಲಿನ ಮನಿ. ಬೆಂಕಿ ಕಾಯಾಂವ ಕೆಳಗಿನ ಮನಿ. ಒಲಿ ಮಾಡಿದಾಂವ ಬಾಜೂ ಮನಿ. ಇಂಥಾ ನೆರಿ ಸಿಗಾಕ ಪುಣ್ಯಾ ಮಾಡಿರಬೇಕು.”

ಹೆಣ್ಣಿನ ಗುಣ ನೆರೆಮನೆಯವರನ್ನು ಕೇಳಿ ತಿಳಿಯಬೇಕು ಅನ್ನುವುದು ಹಳಬರ ಪದ್ಧತಿ. ಹುಡುಗನ ತಂದೆ, “ಜರಾ ಗಾಳಿಗೆ ನಿಂತು ಬರ್ತೀನಿ” ಅಂತ ಎದ್ದವರು, ಸದ್ದಿಲ್ಲದೆ ಮೆಟ್ಟಿಲು ಹತ್ತಿ ಮೇಲಿನ ಮನೆಯ ಹೆಂಗಸರನ್ನು ವಿಚಾರಿಸಲು ಹೋದರು. ನಾವಿದ್ದದ್ದೇ ಕೊನೆಯ ಮಹಡಿ. ಮೇಲೆ ಬರೀ ಟೆರೇಸು. ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತ ಇಳಿದು ಬಂದರು.

“ಮ್ಯಾಲ ಮನಿನ ಇಲ್ಲಲ್ರೀ? ನೀರಿನ ಟಾಕಿ ಐತಿ, ಎರಡು ಕಾಗಿ ಕುಂತಾವ!”

ಅತ್ತೆ ಅವರ ತಾಟಿಗೆ ಇನ್ನೊಂದು ಸೌಟು ಶಿರಾ ಹಾಕಿದರು.

“ಅಷ್ಟ ಮ್ಯಾಲ ಹೋದ್ರ ಹೆಂಗ ಸಿಗತೈತಿ ಬೀಗರ? ಹಿಮಾಲಯದ ತನಾ ಹತ್ತಬೇಕು!”